ಹದಡಿ ರಸ್ತೆಯ ಶೆಡ್ಡಿನಲ್ಲಿ ನಮ್ಮ ಕ್ಯಾರವಾನ್‌ಗೆ ಸರ್ಜ್ ರಕ್ಷಣೆ

ನಮ್ಮದು ಹಳೆಯ ವ್ಯಾನೊಂದನ್ನು ಮಾರ್ಪಡಿಸಿ ಮಾಡಿಸಿದ ಕ್ಯಾರವಾನ್. ಒಳಗೆ ಸಣ್ಣ ಎ.ಸಿ., ಫ್ರಿಜ್, ಬ್ಯಾಟರಿ ಚಾರ್ಜರ್ ಇದ್ದು, ತಂಗಿದ ಊರಿನಲ್ಲಿ ಯಾರದಾದರೂ ಮನೆಯ 16 ಆಂಪಿಯರ್ ಸಾಕೆಟ್‌ನಿಂದ ಕರೆಂಟು ಎಳೆದುಕೊಳ್ಳುವುದು ನಮ್ಮ ರೂಢಿ. ಕಳೆದ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿರುವ ನಮ್ಮ ಮಾವನವರ ಅಡಿಕೆ ತೋಟದಲ್ಲಿದ್ದಾಗ, ಸಂಜೆಯ ಗಾಳಿಗೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬಳಿ ನ್ಯೂಟ್ರಲ್ ತಂತಿ ಕಡಿಯಿತು. ಮನೆಯ ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದು ಒಂದೊಂದಾಗಿ ಹೋದವು. ನಾನು ಪ್ಲಗ್ ಕೀಳುವಷ್ಟರಲ್ಲಿ 14,000 ರೂಪಾಯಿಯ ಚಾರ್ಜರ್ ಹೊಗೆಯಾಡುತ್ತಿತ್ತು. ಅದರ ಮುಂದೆ ಸ್ಪೈಕ್ ಗಾರ್ಡ್, ಅಂದರೆ ಸಣ್ಣ ಸರ್ಜ್ ಪ್ರೊಟೆಕ್ಟರ್, ಇತ್ತು ಎಂಬುದೇ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ಈ ಒಗಟನ್ನು ಬಿಡಿಸಿದವರು ದಾವಣಗೆರೆಯ ಹದಡಿ ರಸ್ತೆಯ ಬದಿಯಲ್ಲಿ, ಬೋರ್ಡು ಕೂಡ ಇಲ್ಲದ ಒಂದು ಶೆಡ್ಡಿನಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಮಿಸ್ತ್ರಿ. "ಸಿಡಿಲಿನ ಏಟು ಒಂದು ಕ್ಷಣ ಬಂದು ಹೋಗುತ್ತೆ ಸರ್, ನ್ಯೂಟ್ರಲ್ ಹೋದ್ರೆ ಲೈನ್‌ಮನ್ ಬರೋ ತನಕ ಇರುತ್ತೆ" ಎಂದರು. ಸರ್ಜ್ ಪ್ರೊಟೆಕ್ಟರ್‌ನೊಳಗಿನ ಮೆಟಲ್ ಆಕ್ಸೈಡ್ ವೇರಿಸ್ಟರ್, ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಬರುವ ಸಾವಿರಾರು ವೋಲ್ಟಿನ ಏಟನ್ನು ಬೇರೆ ದಾರಿಗೆ ಹರಿಸಬಲ್ಲದೇ ಹೊರತು, ನ್ಯೂಟ್ರಲ್ ಕಡಿದು 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರಕ್ಕೆ ಏರಿ ನಿಲ್ಲುವ ಒತ್ತಡವನ್ನು ತಡೆಯಲಾರದು. ತಡೆಯಲು ಹೋದರೆ ತಾನೇ ಕಾದು ಸಾಯುತ್ತದೆ. ಅದಕ್ಕೆ ಬೇಕಾದದ್ದು ವೋಲ್ಟೇಜ್ ಮಿತಿ ಮೀರಿದೊಡನೆ ಲೈನನ್ನೇ ಕಡಿದುಬಿಡುವ ರಿಲೆ. ಅಂಗಡಿಗಳಲ್ಲಿ ಸರ್ಜ್ ಪ್ರೊಟೆಕ್ಟರ್ ಕೇಳಿದರೆ ಡಬ್ಬಿ ತೆಗೆದುಕೊಡುತ್ತಾರೆ. ಈ ವ್ಯತ್ಯಾಸವನ್ನು ಹೇಳಿದವರನ್ನು ನಾನು ಕಂಡದ್ದು ಇಲ್ಲಿ ಮಾತ್ರ.

ಅವರು ಹಾಕಿದ್ದು ಟೈಪ್ 2 ವರ್ಗದ (ವಿತರಣಾ ಬೋರ್ಡಿನಲ್ಲಿ ಹಾಕುವಂಥ), 40 ಕಿಲೊಆಂಪಿಯರ್ ಸಾಮರ್ಥ್ಯದ ಎಸ್‌ಪಿಡಿ, ಅಂದರೆ ಸರ್ಜ್ ಪ್ರೊಟೆಕ್ಟರ್. ನಮ್ಮ ಕಡೆಯ ಲೈನಿಗೆ ಸದಾ 275 ವೋಲ್ಟಿನವರೆಗೆ ತಾಳುವಂಥದ್ದು ಬೇಡವೆಂದು 320 ವೋಲ್ಟಿನವರೆಗೆ ತಾಳುವುದನ್ನೇ ತರಿಸಿದರು. ಅದರ ನಂತರ 270 ದಾಟಿದರೂ 180ಕ್ಕಿಂತ ಇಳಿದರೂ ಕಡಿಯುವ ಡಿಜಿಟಲ್ ರಿಲೆ, ಜೊತೆಗೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚು, ಆರ್‌ಸಿಸಿಬಿ. ಎ.ಸಿ. ಕಂಪ್ರೆಸರ್ ಇರುವುದರಿಂದ, ಕರೆಂಟು ಸರಿಯಾದ ಮೇಲೂ ಮೂರು ನಿಮಿಷ ಕಾದು ಜೋಡಿಸುವಂತೆ ರಿಲೆಯನ್ನು ಹೊಂದಿಸಿದ್ದಾರೆ. ಕೂಲಿ ಸೇರಿ 9,400 ರೂಪಾಯಿ ಆಯಿತು. ಸುಟ್ಟ ಚಾರ್ಜರಿನ ಬೆಲೆಯ ಮುಂದೆ ಇದು ದುಬಾರಿ ಅನ್ನಿಸಲಿಲ್ಲ.

ಅವರ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅರ್ಥಿಂಗ್ ಬಗೆಗಿನ ಹಟ. ರಬ್ಬರ್ ಚಕ್ರಗಳ ಮೇಲೆ ನಿಂತ ಗಾಡಿಗೆ ನೆಲದ ನಂಟು ಬರುವುದು ಸಾಕೆಟ್ಟಿನ ಮೂರನೆಯ ಪಿನ್ನಿನಿಂದ ಮಾತ್ರ, ಹಳ್ಳಿಯ ಎಷ್ಟೋ ಮನೆಗಳಲ್ಲಿ ಆ ಪಿನ್ನು ಹೆಸರಿಗಷ್ಟೇ ಇರುತ್ತದೆ. ಆದ್ದರಿಂದ ಗಾಡಿಯ ಚಾಸಿಗೆ ಬಿಗಿದ ಆರು ಚದರ ಮಿಲಿಮೀಟರಿನ ಹಸಿರು ತಂತಿಯನ್ನೂ, ನೆಲಕ್ಕೆ ಹೊಡೆಯಲು ತಾಮ್ರಲೇಪದ ಸರಳನ್ನೂ ಕೊಟ್ಟಿದ್ದಾರೆ. ಚಿತ್ರದುರ್ಗದ ಹತ್ತಿರ ತಂಗಿದಾಗ ಬಂಡೆಗಲ್ಲಿನ ನೆಲದಲ್ಲಿ ಸರಳು ಅರ್ಧವೂ ಇಳಿಯಲಿಲ್ಲ; ಎರಡು ಕೊಡ ನೀರು ಸುರಿದು ಸಮಾಧಾನಪಟ್ಟುಕೊಂಡೆವು. ಇಂಥ ಕಡೆ ಅರ್ಥ್ ಎಷ್ಟೇ ಸೊರಗಿದ್ದರೂ ಸಣ್ಣ ಸೋರಿಕೆಗೇ ಬೀಳುವ ಆರ್‌ಸಿಸಿಬಿಯೇ ದಿಕ್ಕು.

ದೂರುಗಳೂ ಇವೆ. ಮೊದಲ ಸಲ ಎಸ್‌ಪಿಡಿಯನ್ನು ಹಿಂಬದಿಯ ಕಪಾಟಿನಲ್ಲಿ ಕೂರಿಸಿ, ಅಲ್ಲಿಂದ ಚಾಸಿಯವರೆಗೆ ಎರಡು ಮೀಟರ್ ತಂತಿ ಎಳೆದಿದ್ದರು. ಸಿಡಿಲಿನಂಥ ಏಟಿಗೆ ಒಂದು ಮೀಟರ್ ತಂತಿಯ ಮೇಲೆಯೇ ಸುಮಾರು ಸಾವಿರ ವೋಲ್ಟ್ ಏರುವುದರಿಂದ, ಜೋಡಿಸುವ ತಂತಿ ಒಟ್ಟು ಅರ್ಧ ಮೀಟರಿನೊಳಗೆ ಇರಬೇಕೆಂಬುದು ನಿಯಮ. ಇದನ್ನು ಹೇಳಿದಾಗ ಗೊಣಗಿದರೂ ಮರುದಿನವೇ ಪ್ಲಗ್ ಸೇರುವ ಬಾಗಿಲ ಪಕ್ಕಕ್ಕೆ ಬದಲಿಸಿಕೊಟ್ಟರು, ಹೆಚ್ಚಿನ ಕೂಲಿ ಕೇಳಲಿಲ್ಲ. ಹೇಳಿದ ಎರಡು ದಿನದ ಕೆಲಸ ಐದು ದಿನ ಹಿಡಿಯಿತು. ವೈರಿಂಗಿನ ನಕ್ಷೆಯನ್ನು ಎಷ್ಟು ಕೇಳಿದರೂ ಬರೆದುಕೊಡಲಿಲ್ಲ. "ಫೋಟೊ ತೆಗೆದಿಟ್ಟುಕೊಳ್ಳಿ" ಎಂದುಬಿಟ್ಟರು.

ಮೇ ತಿಂಗಳ ಗುಡುಗು ಮಳೆಯಲ್ಲಿ ಅದೇ ತೋಟದಲ್ಲಿ ಮೂರು ರಾತ್ರಿ ಕಳೆದೆವು. ಸುತ್ತಲಿನ ಪಂಪ್‌ಸೆಟ್‌ಗಳು ಶುರುವಾದೊಡನೆ ರಿಲೆಯ ಕೆಂಪು ಅಂಕಿಗಳು 205ರಿಂದ 191ಕ್ಕೆ, ಅಲ್ಲಿಂದ 178ಕ್ಕೆ ಇಳಿದು, ಟಕ್ಕೆಂದು ಕಡಿಯಿತು. ಫ್ರಿಜ್ ಬ್ಯಾಟರಿಯ ಮೇಲೆ ನಡೆಯಿತು. ಎಸ್‌ಪಿಡಿಯ ಪುಟ್ಟ ಕಿಂಡಿ ಇನ್ನೂ ಹಸಿರಾಗಿಯೇ ಇದೆ. ಅದು ಕೆಂಪಾದರೆ ಒಳಗಿನ ಕಾರ್ಟ್ರಿಜ್ ಬದಲಿಸಬೇಕು, ಆದರೆ ಈಗಿನ ಜಾಗದಲ್ಲಿ ಆ ಕಿಂಡಿಯನ್ನು ನೋಡಲು ಮಂಡಿಯೂರಿ ಟಾರ್ಚ್ ಬಿಡಬೇಕಾಗಿದೆ. ಮುಂದಿನ ಸಲ ಶೆಡ್ಡಿಗೆ ಹೋದಾಗ ಮುಚ್ಚಳಕ್ಕೆ ಒಂದು ಗಾಜು ಕೂರಿಸಿಕೊಡಲು ಹೇಳಬೇಕು.