ತುರಿಕೆಗೆ ಅಂಗಡಿಯ ಮುಲಾಮು ಹಚ್ಚಬೇಡಿ

‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎಂದು ಔಷಧಿ ಅಂಗಡಿಯಲ್ಲಿ ಕೇಳುವ ರೂಢಿ ನಮ್ಮ ವಿಜಯಪುರದಲ್ಲಿ ಹೊಸದೇನಲ್ಲ. ಅಂಥ ಒಂದು ಟ್ಯೂಬಿನಿಂದ ನಮ್ಮ ಮನೆಯವರೆಲ್ಲ ತಿಂಗಳುಗಟ್ಟಲೆ ನಿದ್ದೆಗೆಟ್ಟರು.

ಹಾಸ್ಟೆಲಿನಲ್ಲಿ ಓದುವ ಅಣ್ಣನ ಮಗ ರಜೆಗೆ ಬಂದಾಗ ಬೆರಳ ಸಂದಿಯಲ್ಲಿ ಗುಳ್ಳೆಗಳೆದ್ದಿದ್ದವು. ಹಗಲಿಡೀ ಆರಾಮಾಗಿರುತ್ತಿದ್ದವನು ದೀಪ ಆರಿಸಿದ ಕೂಡಲೇ ಮಣಿಕಟ್ಟು, ಸೊಂಟ ಕೆರೆದುಕೊಳ್ಳುತ್ತಿದ್ದ. ಅಂಗಡಿಯವನು ಕೈಯನ್ನು ನೆಟ್ಟಗೆ ನೋಡದೆ ‘ಗಜಕರ್ಣ’ ಎಂದು ತೀರ್ಪು ಕೊಟ್ಟು, ಕ್ಲೋಬೆಟಾಸೋಲ್ ಎಂಬ ಬಲವಾದ ಸ್ಟೀರಾಯ್ಡ್ ಬೆರೆಸಿದ ಮುಲಾಮು ಕೈಗಿತ್ತ. 2018ರಿಂದ ಇಂಥದ್ದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿ ಕೇಳಿದವರು ಯಾರು?

ತುರಿಕೆ ತಗ್ಗಿತು, ಎಲ್ಲರೂ ಅಂಗಡಿಯವನನ್ನು ಹೊಗಳಿದರು. ಆದರೆ ಅದು ಹುರುಕು, ಚರ್ಮದೊಳಗೆ ಕೊರೆದು ಸೇರುವ ಸಣ್ಣ ಹುಳದಿಂದ ಬರುವ ಕಾಯಿಲೆ. ಸ್ಟೀರಾಯ್ಡ್ ಚರ್ಮದ ಕೂಗನ್ನಷ್ಟೇ ಅಡಗಿಸುತ್ತದೆ, ಹುಳ ಸಾಯುವುದಿಲ್ಲ. ಮೊದಲ ಬಾರಿ ತಗಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಅವರಿಂದ ಇನ್ನೊಬ್ಬರಿಗೆ ದಾಟಿರುತ್ತದೆ. ಹುಡುಗನ ಜೊತೆ ಒಂದೇ ಕೌದಿಯಲ್ಲಿ ಮಲಗುತ್ತಿದ್ದ ಅಜ್ಜಿಗೆ, ಆಮೇಲೆ ಸಣ್ಣ ಮಕ್ಕಳಿಗೆ ಬಂತು. ದಿನಕ್ಕೆರಡು ಬಾರಿ ಮೀಯುವ ಅಜ್ಜಿ ‘ಹೊಲಸು ಮೈಯವರ ಕಾಯಿಲೆ ನನಗ್ಯಾಕೆ’ ಎಂದು ಮುಚ್ಚಿಟ್ಟರು. ಹುರುಕಿಗೆ ಸ್ವಲ್ಪ ಹೊತ್ತು ಮೈಗೆ ಮೈ ತಾಗಿದರೆ ಸಾಕು, ಮಡಿ ಮೈಲಿಗೆ ನೋಡುವುದಿಲ್ಲ.

ಚರ್ಮರೋಗ ವೈದ್ಯರು ಅಜ್ಜಿಯ ಬೆರಳ ಸಂದಿಗೆ ಮಸೂರ ಹಿಡಿದು ನಮಗೂ ತೋರಿಸಿದರು: ಕೂದಲೆಳೆಯಷ್ಟು ಸಣ್ಣ, ಅಂಕುಡೊಂಕಾದ ಬೂದು ಗೆರೆ. ಹೆಣ್ಣು ಹುಳ ಚರ್ಮದೊಳಗೆ ಕೊರೆದು ಮೊಟ್ಟೆಯಿಟ್ಟ ದಾರಿ ಅದು. ಹುಳದ ಉದ್ದ ಅರ್ಧ ಮಿಲಿಮೀಟರೂ ಇಲ್ಲ.

ಬರೆದುಕೊಟ್ಟ ಮದ್ದು ಹುಳ ಕೊಲ್ಲುವ ಮುಲಾಮು, ಶೇ 5ರ ಪರ್ಮೆಥ್ರಿನ್. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಹೊಕ್ಕುಳು, ತೊಡೆಸಂದು, ಉಗುರಿನಡಿಯನ್ನೂ ಬಿಡದೆ ಹಚ್ಚಿ ಬೆಳಿಗ್ಗೆ ಸ್ನಾನ. ವಾರದ ನಂತರ ಮತ್ತೊಮ್ಮೆ. ಕೂಸುಗಳಿಗೆ, ಬಸುರಿಯರಿಗೆ ಹೇಗೆಂದು ವೈದ್ಯರನ್ನೇ ಕೇಳಿ. ಗುಳ್ಳೆ ಕೀವಾದರೆ ತಡ ಮಾಡಬೇಡಿ, ಆ ಸೋಂಕು ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು.

ಮದ್ದಿಗಿಂತ ಕಷ್ಟವಾದದ್ದು ಮನೆಯವರೆಲ್ಲರನ್ನೂ ಒಂದೇ ರಾತ್ರಿ ಹಚ್ಚಿಕೊಳ್ಳುವಂತೆ ಒಪ್ಪಿಸುವುದು. ‘ನನಗೆ ತುರಿಕೆಯೇ ಇಲ್ಲ’ ಎನ್ನುವ ಕಾಕಾ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಬಿಟ್ಟರೆ ಪಟ್ಟ ಪಾಡೆಲ್ಲ ನೀರುಪಾಲು. ಉಟ್ಟ ಬಟ್ಟೆ, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದೆವು. ಕೌದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರ ಮೂಲೆಗಿಟ್ಟೆವು. ಮೈಯಿಂದ ಬೇರ್ಪಟ್ಟ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಹುಳ ಸತ್ತ ಮೇಲೂ ತುರಿಕೆ ಎರಡು, ನಾಲ್ಕು ವಾರ ಉಳಿಯುತ್ತದೆ. ಮದ್ದು ನಾಟಲಿಲ್ಲವೆಂದು ದಿನವೂ ಹಚ್ಚಿ ಚರ್ಮ ಸುಟ್ಟುಕೊಳ್ಳಬೇಡಿ. ಮಕ್ಕಳು ಹಾಸ್ಟೆಲಿನಲ್ಲಿದ್ದರೆ ವಾರ್ಡನ್‌ಗೆ ನಾಚಿಕೆ ಬಿಟ್ಟು ತಿಳಿಸಿ. ಕೋಣೆಯ ಉಳಿದ ಹುಡುಗರಿಗೂ ಮದ್ದಾಗುವವರೆಗೆ ನಾವು ನಮ್ಮವನನ್ನು ವಾಪಸು ಕಳಿಸಲಿಲ್ಲ.