ಹಳೆಯ ಟೊಯೊಟಾ ಪಿಕಪ್‌ಗೆ ಯಾವ ರಿಪೇರಿ ಕೈಪಿಡಿ?

ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಮುಂದೆ 1993ರ ಟೊಯೊಟಾ ಪಿಕಪ್ ಒಂದು ನಿಂತಿದೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯವರು ಹೈಲಕ್ಸ್ ಎಂದು ಗುರುತಿಸುವ ಗಾಡಿ ಇದೇ; ಅಮೆರಿಕದಲ್ಲಿ ಮಾತ್ರ ಆ ಹೆಸರನ್ನು 1970ರ ದಶಕದಲ್ಲೇ ಬಿಟ್ಟು ಬರೀ ಪಿಕಪ್ ಎಂದು ಮಾರುತ್ತಿದ್ದರು. ಇಷ್ಟು ಹಳೆಯ ಗಾಡಿಯ ಎಂಜಿನ್ ಬಿಚ್ಚಿಸಲು ಗ್ಯಾರೇಜಿನವರು ಕೇಳುವ ಕೂಲಿ ಗಾಡಿಯ ಬೆಲೆಯನ್ನೇ ಮುಟ್ಟುವುದರಿಂದ ನಾನೇ ಸ್ಪ್ಯಾನರ್ ಹಿಡಿಯಬೇಕಾಯಿತು, ಹಾಗಾಗಿ ಕೈಪಿಡಿಯೂ ಬೇಕಾಯಿತು. ಬಳಸಿ ನೋಡಿದ ಮೂರರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಂಡದ್ದು ಹೇನ್ಸ್ ಕೈಪಿಡಿ. ಇಂಗ್ಲೆಂಡಿನ ಜಾನ್ ಹೇನ್ಸ್ 1960ರಲ್ಲಿ ಆರಂಭಿಸಿದ ಈ ಸಂಸ್ಥೆ, ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುತ್ತಾ ಫೋಟೊ ತೆಗೆದು ಪುಸ್ತಕ ಮಾಡುವ ಪದ್ಧತಿಗೆ ಹೆಸರಾಗಿದೆ. ಬ್ರೇಕ್ ಪ್ಯಾಡ್, ಕ್ಲಚ್, ಸ್ಟಾರ್ಟರ್ ಮೋಟಾರ್‌ನಂಥ ಕೆಲಸಗಳನ್ನು ಮೊದಲ ಸಲ ಮಾಡುವವರಿಗೆ ಇದಕ್ಕಿಂತ ತಾಳ್ಮೆಯ ಗುರು ಸಿಗುವುದು ಕಷ್ಟ. ಆದರೆ 1979ರಿಂದ 1995ರವರೆಗಿನ ಪಿಕಪ್‌ಗಳ ಜೊತೆಗೆ ಟೊಯೊಟಾದ್ದೇ ಎಸ್‌ಯುವಿ ಫೋರ್‌ರನ್ನರ್ ಕೂಡ ಒಂದೇ ಪುಸ್ತಕದಲ್ಲಿದೆ. ಕಾರ್ಬ್ಯುರೇಟರ್‌ನವು, ಇಂಜೆಕ್ಷನ್‌ನವು, ವಿ6 ಎಲ್ಲವೂ ಒಟ್ಟಿಗೇ ಬರುವುದರಿಂದ ‘ನಿಮ್ಮ ಗಾಡಿ ಇಂಥದ್ದಾದರೆ’ ಎನ್ನುವ ಸಾಲುಗಳನ್ನು ದಾಟಿಕೊಂಡೇ ನಮ್ಮ ಗಾಡಿಯ ಮಾತಿಗೆ ಬರಬೇಕು. ‘ಬಿಚ್ಚಿದ ಕ್ರಮವನ್ನೇ ತಿರುಗಿಸಿ ಜೋಡಿಸಿ’ ಎನ್ನುವ ಧಾಟಿಯ ಮಾತು ಈ ಪುಸ್ತಕಗಳ ಹಳೆಯ ತಮಾಷೆ; ತುಕ್ಕು ಹಿಡಿದ ಬೋಲ್ಟ್ ಅರ್ಧಕ್ಕೆ ಮುರಿದ ಮೇಲೆ ಯಾವ ಕ್ರಮವನ್ನು ತಿರುಗಿಸುವುದು?

ಎರಡನೆಯದು ಟೊಯೊಟಾ ತನ್ನ ಮೆಕ್ಯಾನಿಕ್‌ಗಳಿಗಾಗಿಯೇ ಮುದ್ರಿಸಿದ, 1993ರ ಗಾಡಿಗೆ ಮಾತ್ರ ಸೇರಿದ ಕಾರ್ಖಾನೆಯ ಕೈಪಿಡಿ. ಈಗ ಹಳೆಯ ಪ್ರತಿಯನ್ನೇ ಹುಡುಕಬೇಕು, ಬೆಲೆಯೂ ಹೇನ್ಸ್‌ನ ಹಲವು ಪಟ್ಟು. ಇದರ ಬೆಲೆ ನನಗೆ ಅರ್ಥವಾದದ್ದು ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಸರಪಳಿ, ಬದಲಿಸುವಾಗ. ನಮ್ಮ ಗಾಡಿಯಲ್ಲಿರುವ 22ಆರ್‌ಇ ಎಂಬ ಎಂಜಿನ್‌ನಲ್ಲಿ ಚೈನನ್ನು ಹದದಲ್ಲಿಡುವ ಗೈಡ್‌ಗಳು ಪ್ಲಾಸ್ಟಿಕ್‌ನವು. ಅವು ಸವೆದು ಮುರಿದರೆ ಚೈನ್ ಮುಂದಿನ ಕವರನ್ನು ಉಜ್ಜುತ್ತಾ ಹೋಗಿ, ಕೊನೆಗೆ ತೂತು ಮಾಡಿ, ಕೂಲೆಂಟನ್ನು ಆಯಿಲ್‌ಗೆ ಸೇರಿಸುತ್ತದೆ. ಆ ಕವರ್ ತೆಗೆಯಲು ಹೊರಟ ನಾನು ಕಾಣುವ ಬೋಲ್ಟ್‌ಗಳನ್ನೆಲ್ಲ ಬಿಚ್ಚಿ, ಅದು ಅಲುಗಾಡದಿದ್ದಾಗ ಸ್ಕ್ರೂಡ್ರೈವರ್ ತೂರಿಸಿ ಮೀಟತೊಡಗಿದೆ. ಅಲ್ಯೂಮಿನಿಯಂ ಅಂಚಿನಲ್ಲಿ ಗೀರು ಬಿದ್ದ ಮೇಲೆ ಪುಸ್ತಕ ತೆರೆದರೆ, ಎಂಜಿನ್‌ನ ಮೇಲ್ಭಾಗವಾದ ಹೆಡ್ಡನ್ನು ಹಿಡಿದಿಡುವ ಹೆಡ್ ಬೋಲ್ಟ್‌ಗಳಿಗಿಂತ ಮೊದಲು ಹೆಡ್‌ನ ಮುಂಭಾಗದ ಚೈನ್ ಕವರ್ ಬೋಲ್ಟ್ ಬಿಚ್ಚಬೇಕೆಂದು ಒಂದೇ ಸಾಲಿನಲ್ಲಿ ಹೇಳಿತ್ತು. ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಗೇರ್‌ನ ಹತ್ತಿರ, ಕಪ್ಪು ಆಯಿಲ್ ನಿಂತ ಕುಳಿಯಲ್ಲಿ ಮುಳುಗಿದ್ದ ಆ ಬೋಲ್ಟನ್ನು ಬಟ್ಟೆಯಿಂದ ಆಯಿಲ್ ಹೀರಿ ತೆಗೆದ ಮೇಲೆ ಬೆರಳಿಂದ ತಡಕಿ ಹುಡುಕಿದೆ. ತಪ್ಪು ಪುಸ್ತಕದ್ದಲ್ಲ, ಓದದೆ ದಾಟಿದ ನನ್ನದು. ಕಾರ್ಖಾನೆಯ ಕೈಪಿಡಿಯ ಸ್ವಭಾವವೇ ಅದು: ಹೇಳಬೇಕಾದದ್ದನ್ನು ಹೇಳುತ್ತದೆ, ಆದರೆ ಒಂದೇ ಸಲ.

ಅಂಕಿಅಂಶಗಳ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಹೆಡ್ ಬೋಲ್ಟ್ ಬಿಗಿಸುವ ಬಲ, ಅಂದರೆ ಟಾರ್ಕ್, 58 ಅಡಿ-ಪೌಂಡ್, ಅದೂ ಚಿತ್ರದಲ್ಲಿ ತೋರಿಸಿದ ಕ್ರಮದಲ್ಲಿ ಮೂರು ಸುತ್ತಾಗಿ. ಬಿಸಿ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್‌ಗೆ 0.20 ಮಿ.ಮೀ., ಎಕ್ಸಾಸ್ಟ್‌ಗೆ 0.30 ಮಿ.ಮೀ. ಸಂದು. ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಹೊತ್ತು, ನೋಡುವ ಮೊದಲು ಟಿಇ1 ಮತ್ತು ಇ1 ಎಂಬ ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಬೇಕು, ಆಗ 5 ಡಿಗ್ರಿ ಬರಬೇಕು. ಜೋಡಿಸದೆ ನೋಡಿದರೆ ಕಂಪ್ಯೂಟರ್ ತಾನೇ ಕಿಡಿಯ ಹೊತ್ತನ್ನು ಇನ್ನಷ್ಟು ಮುಂಚಿತವಾಗಿಸಿರುವುದರಿಂದ ಸರಿಯಿದ್ದದ್ದನ್ನೇ ಕೆಡಿಸಿಕೊಳ್ಳುತ್ತೇವೆ. ಕೊರತೆಗಳೂ ಇವೆ. ಎಸ್‌ಎಸ್‌ಟಿ ಎಂಬ ವಿಶೇಷ ಉಪಕರಣಗಳನ್ನು ಮನೆಯಲ್ಲಿ ಯಾರೂ ಇಟ್ಟುಕೊಂಡಿರುವುದಿಲ್ಲ, ಪೂರ್ಣ ವೈರಿಂಗ್ ಡಯಾಗ್ರಮ್‌ಗಳಿಗೆ ಬೇರೆಯೇ ಪುಸ್ತಕ ಕೊಳ್ಳಬೇಕು.

ಮೂರನೆಯದು, ಅಂತರ್ಜಾಲದ ಮಾರಾಟಗಾರರೊಬ್ಬರಿಂದ ತರಿಸಿದ ಸ್ಕ್ಯಾನ್ ಪ್ರತಿಯ ಸಿ.ಡಿ. ಮಡಿಕೆಯ ಪುಟಗಳ ನಡುಭಾಗವೇ ಕತ್ತರಿಸಿ ಹೋಗಿ ಹೆಡ್‌ಲೈಟ್‌ನ ತಂತಿ ಎಲ್ಲಿಂದಲೋ ಹೊರಟು ಎಲ್ಲಿಗೂ ಮುಟ್ಟುವುದಿಲ್ಲ. ಅಗ್ಗವೆಂದು ಇದನ್ನು ಕೊಳ್ಳಬೇಡಿ. ಇಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳು ಸದಸ್ಯರಿಗೆ ಚಿಲ್ಟನ್ ಹೆಸರಿನ ರಿಪೇರಿ ಮಾಹಿತಿಯನ್ನು ಉಚಿತವಾಗಿ ತೆರೆದಿಟ್ಟಿವೆ. ಕೈಯಿಂದ ದುಡ್ಡು ಬಿಚ್ಚುವ ಮೊದಲು ಅಲ್ಲಿ ನಿಮ್ಮ ಗಾಡಿಯ ವರ್ಷ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು.

ವಾರಾಂತ್ಯದ ಸಣ್ಣ ಕೆಲಸಗಳಷ್ಟೇ ಇದ್ದರೆ ಹೇನ್ಸ್ ಸಾಕು. ಎಂಜಿನ್‌ನ ಮುಂದಿನ ಕವರ್ ಬಿಚ್ಚುವ ದಿನ ಬಂದರೆ ಕಾರ್ಖಾನೆಯದ್ದನ್ನೇ ತರಿಸಿ, ನಿಮ್ಮ ಗಾಡಿಯ ವರ್ಷದ್ದನ್ನೇ. ಹಳೆಯ ಪ್ರತಿಯ ಮೇಲೆ ಯಾರದೋ ಹೆಬ್ಬೆರಳಿನ ಎಣ್ಣೆ ಕಲೆ ಇದ್ದರೆ ಹಿಂಜರಿಯಬೇಕಿಲ್ಲ, ಟಾರ್ಕ್ ಪಟ್ಟಿಯ ಪುಟ ಹರಿದಿಲ್ಲವೆಂಬುದಕ್ಕೆ ಫೋಟೊ ಮಾತ್ರ ಕೇಳಿ ತರಿಸಿಕೊಳ್ಳಿ.