ನಿಕಾನ್ 50 ಎಂಎಂ ಎಫ್/1.8ಡಿ ಲೆನ್ಸ್: ರೀಲಿನ ಕಾಲದಿಂದ ಮಿರರ್‌ಲೆಸ್‌ವರೆಗೆ

2005ರಲ್ಲಿ ಈ ಲೆನ್ಸನ್ನು ಕೊಂಡಾಗ ನನ್ನ ಬಳಿ ಇದ್ದದ್ದು ರೀಲು ಹಾಕುವ ನಿಕಾನ್ ಎಫ್‌ಎಂ10. ಅನಂತರ ಡಿಜಿಟಲ್ ಡಿ90 ಬಂತು, ಈಗ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಝಡ್6 ಇದೆ. ಕ್ಯಾಮೆರಾಗಳು ಬದಲಾದವು, ಲೆನ್ಸ್ ಮಾತ್ರ ಅದೇ ಉಳಿಯಿತು. ಕರಾವಳಿಯ ಯಕ್ಷಗಾನ ಬಯಲಾಟಗಳನ್ನೂ ಚೌಕಿಯೊಳಗಿನ (ವೇಷ ಕಟ್ಟಿಕೊಳ್ಳುವ ಜಾಗದ) ಬಣ್ಣಗಾರಿಕೆಯನ್ನೂ ಚಿತ್ರಿಸಲು ಇದನ್ನು ಹೆಚ್ಚಾಗಿ ಬಳಸಿರುವುದರಿಂದ ನನ್ನ ಅಭಿಪ್ರಾಯವೂ ಆ ಕೆಲಸದಿಂದಲೇ ರೂಪುಗೊಂಡದ್ದು.

ರಚನೆ ಸರಳವಾದದ್ದು. ಆರು ಗಾಜುಗಳು, ಪ್ಲಾಸ್ಟಿಕ್ಕಿನ ಹೊರಕವಚ, ಲೋಹದ ಮೌಂಟ್, 52 ಎಂಎಂ ಫಿಲ್ಟರ್. ಅಂಗಿಯ ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕದು, ಹಗುರವಾದದ್ದು.

ಇದರ ನಿಜವಾದ ಬೆಲೆ ತಿಳಿದದ್ದು ರೀಲಿನ ದಿನಗಳಲ್ಲಿ. 400 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) ಕಪ್ಪು-ಬಿಳುಪು ಫಿಲ್ಮನ್ನು 1600 ಎಂದು ಎಣಿಸಿ ಚಿತ್ರ ತೆಗೆದು, ತೊಳೆಯುವಾಗ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡಿಸುತ್ತಿದ್ದೆ. ಹಾಗೆ ಮಾಡಿದರೂ ರಂಗಸ್ಥಳದ ಬೆಳಕಿನಲ್ಲಿ 1/60 ಸೆಕೆಂಡಿನ ಶಟರ್ ಸಿಗಬೇಕಾದರೆ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 1.8ಕ್ಕೆ ಪೂರ್ತಿ ತೆರೆಯಬೇಕಾಗುತ್ತಿತ್ತು. ನನ್ನಲ್ಲಿದ್ದ 35-70 ಝೂಮ್ 3.5ಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ, 1.8ರಲ್ಲಿ ಒಳಬರುವ ಬೆಳಕು ಅದರ ಸುಮಾರು ನಾಲ್ಕು ಪಟ್ಟು. ಆದರೂ ಧಿಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುವ ವೇಷವನ್ನು 1/60ರಲ್ಲಿ ಹಿಡಿಯಲಾಗದು. ಚೆಂಡೆಯ ಮುಕ್ತಾಯದ ಪೆಟ್ಟಿಗೆ ವೇಷಧಾರಿ ಒಂದು ಕ್ಷಣ ನಿಲ್ಲುತ್ತಾರೆ, ಆ ಕ್ಷಣಕ್ಕಾಗಿ ತಾಳವನ್ನು ಕಿವಿಯಲ್ಲಿಟ್ಟುಕೊಂಡು ಕಾಯುವುದೇ ಆಗಿನ ತಂತ್ರವಾಗಿತ್ತು. ಇಡೀ ರಾತ್ರಿಗೆ 36 ಚಿತ್ರಗಳ ಎರಡು ರೀಲು ಒಯ್ಯುತ್ತಿದ್ದ ನನಗೆ ಆಟವನ್ನು ಸರಿಯಾಗಿ ಕೇಳುವುದನ್ನು ಕಲಿಸಿದ್ದು ಈ ಮಿತಿಯೇ.

ಚೌಕಿಯೊಳಗಿನ ಕೆಲಸ ಬೇರೆ ಬಗೆಯದು. ಬಣ್ಣದ ವೇಷದವರು (ರಾಕ್ಷಸ ಪಾತ್ರಧಾರಿಗಳು) ನೆಲದ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿ ಹಿಡಿದು, ಅಕ್ಕಿಹಿಟ್ಟಿನ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಕೆನ್ನೆಯ ಮೇಲೆ ಇಡುತ್ತಾ ಹೋಗುತ್ತಾರೆ, ಅದು ಗಂಟೆಗಟ್ಟಲೆ ನಡೆಯುತ್ತದೆ. ಅಲ್ಲಿ ಫ್ಲ್ಯಾಷ್ ಹೊಡೆಯುವುದು ಅವರ ಏಕಾಗ್ರತೆಗೆ ಮಾಡುವ ಅಪಚಾರವೆಂದೇ ನಾನು ಭಾವಿಸಿದ್ದೇನೆ. ಒಂದೇ ಬಲ್ಬಿನ ಬೆಳಕಿನಲ್ಲಿ, ಯಾರ ಗಮನವನ್ನೂ ಸೆಳೆಯದೆ ಚಿತ್ರ ತೆಗೆಯಲು ಈ ಪುಟ್ಟ ಲೆನ್ಸ್ ತಕ್ಕದ್ದು. ಆದರೆ 45 ಸೆಂಟಿಮೀಟರ್‌ಗಿಂತ ಹತ್ತಿರದಲ್ಲಿ ಇದು ಫೋಕಸ್ ಆಗುವುದಿಲ್ಲ. ಆ ದೂರದಲ್ಲಿ 1.8ಕ್ಕೆ ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಸೆಂಟಿಮೀಟರ್‌ಗೂ ಕಡಿಮೆ. ಮೂಗಿನ ತುದಿಯ ಚುಟ್ಟಿ ಸ್ಪಷ್ಟವಾದರೆ ಕಣ್ಣು ಮಸುಕು. ಹೀಗಾಗಿ ನಾನು 2.8ಕ್ಕೆ ಇಳಿಸುತ್ತೇನೆ, ಚಿತ್ರದ ಸ್ಪಷ್ಟತೆಯೂ ಅಲ್ಲಿಂದಲೇ ಎದ್ದು ಕಾಣುತ್ತದೆ. 1.8ರಲ್ಲಿ ಚೌಕಟ್ಟಿನೊಳಗೆ ಬಲ್ಬ್ ಬಂದರೆ ಕಪ್ಪು ಭಾಗಗಳೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತವೆ.

ಡಿ90ಗೆ ಬಂದಾಗ ಎರಡು ತೊಂದರೆಗಳು ಎದುರಾದವು. ಅದರ ಸೆನ್ಸರ್ ಚಿಕ್ಕದಾದ್ದರಿಂದ ಈ ಲೆನ್ಸಿನ ನೋಟ 75 ಎಂಎಂನಷ್ಟು ಕಿರಿದಾಯಿತು, ಇಕ್ಕಟ್ಟಾದ ಚೌಕಿಯಲ್ಲಿ ಹಿಂದೆ ಸರಿಯಲು ಜಾಗವಿರಲಿಲ್ಲ. ಇನ್ನೊಂದು ಅಪರ್ಚರ್ ರಿಂಗಿನದು. ಡಿ90ಯಲ್ಲಿ ಆ ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿರಬೇಕು, ಇಲ್ಲವಾದರೆ ಪರದೆಯಲ್ಲಿ "ಎಫ್‌ಇಇ" ಎಂಬ ಅಕ್ಷರಗಳು ಮಿನುಗಿ ಶಟರ್ ಬೀಳುವುದೇ ಇಲ್ಲ. ಎಫ್‌ಎಂ10ನಿಂದ ತೆಗೆದ ಲೆನ್ಸನ್ನು ಹಾಗೆಯೇ ಡಿ90ಗೆ ಹಾಕಿದ ಒಂದು ರಾತ್ರಿ, ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ದೊಂದಿ ಹಿಡಿದು ಬರುವ ಪ್ರವೇಶವನ್ನು ನಾನು ಪೂರ್ತಿ ಕಳೆದುಕೊಂಡೆ. ಅಂದಿನಿಂದ ಲೆನ್ಸನ್ನು ಚೀಲಕ್ಕೆ ಹಾಕುವ ಮೊದಲೇ ರಿಂಗನ್ನು ಲಾಕ್ ಮಾಡುತ್ತೇನೆ.

ಝಡ್6ಗೆ ಎಫ್‌ಟಿಝಡ್ ಅಡಾಪ್ಟರ್ (ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಗೆ ಕೂಡಿಸುವ ಜೋಡಣೆ) ಮೂಲಕ ಹಾಕಿದರೆ ಅಪರ್ಚರ್ ಕೆಲಸ ಮಾಡುತ್ತದೆ, ಆಟೋಫೋಕಸ್ ಮಾಡುವುದಿಲ್ಲ, ಏಕೆಂದರೆ ಲೆನ್ಸಿನಲ್ಲಿ ಮೋಟಾರಿಲ್ಲ, ಅಡಾಪ್ಟರಿನಲ್ಲೂ ಇಲ್ಲ. ಫೋಕಸ್ ರಿಂಗ್ ಸಡಿಲ ಮತ್ತು ಕಿರಿದು, ಸ್ವಲ್ಪ ತಿರುಗಿಸಿದರೂ ಫೋಕಸ್ ದೂರ ಹೋಗಿಬಿಡುತ್ತದೆ. ಆದರೆ ವ್ಯೂಫೈಂಡರಿನಲ್ಲಿ ಸ್ಪಷ್ಟವಾದ ಅಂಚುಗಳು ಬಣ್ಣದಲ್ಲಿ ಎದ್ದು ಕಾಣುವ ಸೌಲಭ್ಯ ಇರುವುದರಿಂದ ಕಿರೀಟದ ಅಂಚಿಗೂ ಕಣ್ಣಿಗೂ ಇರುವ ಅಂತರವನ್ನು ನಾನೇ ನೋಡಿ ನಿರ್ಧರಿಸಬಹುದು. ಮೊಬೈಲಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕುಗೊಳಿಸುವಾಗ ಕಿರೀಟದ ಸಣ್ಣ ಕುಚ್ಚುಗಳನ್ನೂ ಅಳಿಸಿಹಾಕುವುದನ್ನು ಹಲವು ಬಾರಿ ಕಂಡಿದ್ದೇನೆ. ಈ ಲೆನ್ಸಿನಲ್ಲಿ ಕುಚ್ಚಿನ ಎಳೆ ಎಳೆಯೂ ಉಳಿಯುತ್ತದೆ.

ಈಗ 6400 ಐಎಸ್‌ಒದಲ್ಲೂ ಚಿತ್ರ ಚೆನ್ನಾಗಿಯೇ ಬರುವುದರಿಂದ 1.8ರ ಅನಿವಾರ್ಯತೆ ಕಡಿಮೆಯಾಗಿರುವುದನ್ನು ಒಪ್ಪಿಕೊಳ್ಳಬೇಕು. ಆಗ ಬೆಳಕಿನ ಕೊರತೆ ಸಮಸ್ಯೆಯಾಗಿತ್ತು, ಈಗ ಅದರ ಬಣ್ಣವೇ ಸಮಸ್ಯೆ. ನೀಲಿ, ನೇರಳೆ ಎಲ್‌ಇಡಿ ದೀಪಗಳ ಕೆಳಗೆ ವೇಷದ ಕೆಂಪು ತನ್ನ ಛಾಯೆಗಳನ್ನೆಲ್ಲ ಕಳೆದುಕೊಳ್ಳುತ್ತದೆ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ. ಇದಕ್ಕೆ ಯಾವ ಲೆನ್ಸಿನಲ್ಲೂ ಪರಿಹಾರವಿಲ್ಲ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಒಂದು ಮಳೆಗಾಲ ಚೀಲದಲ್ಲೇ ಬಿಟ್ಟಿದ್ದರಿಂದ ಮುಂದಿನ ಗಾಜಿನ ಒಳಬದಿಗೆ ಜೇಡರಬಲೆಯಂತೆ ಬೂಸ್ಟು ಹಿಡಿದಿತ್ತು, ಬಿಚ್ಚಿಸಿ ಶುಚಿಮಾಡಿಸಬೇಕಾಯಿತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡುತ್ತೇನೆ. ಡಿ3000, ಡಿ5000 ಸಾಲಿನ ಮೋಟಾರಿಲ್ಲದ ಕ್ಯಾಮೆರಾ ಇದ್ದವರು, ಲೆನ್ಸಿನಲ್ಲೇ ಮೋಟಾರಿರುವ 1.8ಜಿ ಕೊಳ್ಳುವುದೇ ಸರಿ. ಉಳಿದವರು ಇದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಹಾಯಿಸಿ ಬೂಸ್ಟಿನ ಎಳೆಗಳಿವೆಯೇ ಎಂದು ನೋಡಿ, ಅಪರ್ಚರ್ ರಿಂಗನ್ನು ತಿರುಗಿಸುತ್ತಾ ಅಪರ್ಚರಿನ ಏಳು ಎಸಳುಗಳ ಮೇಲೆ ಎಣ್ಣೆ ಹರಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.